ಕಂಡಕ್ಟರ್ ಮೇಡಂ ಮತ್ತು ಬಣ್ಣದವನ ತೋಳು

ಆ ಕ್ಲಿನಿಕ್ಕಿನಲ್ಲಿ ಅವಳು ಎದುರಿಗೆ ಮೇಡಂ, ಬೆನ್ನ ಹಿಂದೆ ಕಂಡಕ್ಟರ್. ಬೆನ್ನ ಹಿಂದಿನ ಹೆಸರು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಬೇಸರವೂ ಇರಲಿಲ್ಲ. ಬಸ್ಸಿನ ಕೆಲಸ ಬಿಟ್ಟು ಹದಿಮೂರು ವರ್ಷವಾದರೂ ಹೊಸದೊಂದು ಅಡ್ಡಹೆಸರು ಹುಟ್ಟಿಸಲಾಗದ ಜನರ ತಲೆಯ ಬಗ್ಗೆ ಮಾತ್ರ ಅವಳಿಗೆ ಮರುಕವಿತ್ತು. ಅವಳಿಗೆ ಮರುಕ ಹುಟ್ಟುತ್ತಿದ್ದುದೇ ಹಾಗೆ, ಮೂಗು ಮುರಿದುಕೊಂಡು.

ಮೂಗು ಮುರಿಯುವುದು ಮನೆಯಿಂದ ಬಂದದ್ದು. ಅಪ್ಪ ಕಾರ್ಖಾನೆಯೊಂದರ ಗೇಟಿನಲ್ಲಿ ಕಾವಲುಗಾರನಾಗಿದ್ದ. ಕೆಲಸ ಮುಗಿಸಿ ಹೊರಡುವ ಒಬ್ಬೊಬ್ಬರ ಚೀಲವನ್ನೂ ಬಿಚ್ಚಿಸಿ ನೋಡಬೇಕು. ಮೂವತ್ತು ವರ್ಷದಲ್ಲಿ ಅವನ ಕೈಗೆ ಸಿಕ್ಕಿದ್ದು ಒಂದು ಸ್ಪ್ಯಾನರು, ಅರ್ಧ ಡಬ್ಬಿ ಗ್ರೀಸು, ಅಷ್ಟೇ. ಆದರೂ ಮನೆಗೆ ಬಂದವನು ಅಭ್ಯಾಸಬಲದಿಂದ ಇಬ್ಬರು ಹೆಣ್ಣುಮಕ್ಕಳ ಶಾಲೆಯ ಚೀಲವನ್ನೂ ಬಿಚ್ಚಿಸುತ್ತಿದ್ದ. "ನೋಡ್ದೆ ಯಾರನ್ನೂ ನಂಬ್ಬಾರ್ದು ಕಣ್ರೇ" ಎನ್ನುತ್ತಿದ್ದ. ದೊಡ್ಡವಳು ಆ ಮಾತಿಗೆ ನಗುತ್ತಲೇ ಬೆಳೆದಳು. ಚಿಕ್ಕವಳು, ಎಂದರೆ ಈ ಮೇಡಂ, ಅದನ್ನು ಹಾಗೇ ನುಂಗಿಕೊಂಡಳು, ಆದರೆ ಅದರಲ್ಲಿದ್ದ "ನೋಡ್ದೆ" ಎಂಬ ಮಾತನ್ನು ಮಾತ್ರ ಬಿಟ್ಟು.

ಇಪ್ಪತ್ತಕ್ಕೆ ಬಸ್ಸಿನ ಕಂಡಕ್ಟರ್ ಆದಳು. ಮೂರು ವರ್ಷ ಎರಡು ಸೀಟಿನ ಸಾಲುಗಳ ನಡುವೆ, ಸೊಂಟವನ್ನು ಕಂಬಿಗೆ ಒತ್ತಿ, ಎರಡೂ ಕೈಗೆ ಕೆಲಸ ಕೊಟ್ಟು ನಿಂತಳು. ಹತ್ತುವವರ ಕಾಲು ನೋಡಿಯೇ ಯಾರ ಮೊಣಕಾಲು ಕೆಟ್ಟಿದೆ, ಯಾರ ಸೊಂಟ ಹಿಡಿದಿದೆ ಎಂದು ಹೇಳುವಷ್ಟು ಕಣ್ಣು ಪಳಗಿತು. ಮುಖ ನೋಡಿ ಯಾರು ಟಿಕೆಟ್ ತೆಗೆದಿಲ್ಲ ಎಂದು ಹೇಳುವಷ್ಟೂ ಪಳಗಿತು. ಆರು ನಿಲ್ದಾಣ ಹಿಂದೆ ಹತ್ತಿದವನು "ಈಗ್ ತಾನೇ ಹತ್ತಿದ್ದು ಮೇಡಂ" ಎನ್ನುತ್ತಿದ್ದ. ಕಿಟಕಿಯ ಪಕ್ಕದ ದೊಡ್ಡ ಮನುಷ್ಯ ಇದ್ದಕ್ಕಿದ್ದ ಹಾಗೆ ಗೊರಕೆ ಹೊಡೆಯುತ್ತಿದ್ದ. ಜನ ಎಂದರೆ ಇಷ್ಟೇ ಎಂದು ಅವಳು ಇಪ್ಪತ್ಮೂರಕ್ಕೇ ತೀರ್ಮಾನ ಮಾಡಿ ಕೆಲಸ ಬಿಟ್ಟಳು.

ಆಮೇಲೆ ಸೋದರಮಾವನ ಅಂಗಡಿ. ಅದು ಹೊಸ ಬಟ್ಟೆ ಹೊಲಿಯುವ ಅಂಗಡಿಯೂ ಅಲ್ಲ, ಬೇರೆಯವರು ಹೊಲಿದು ಕೆಡಿಸಿದ್ದನ್ನು ಸರಿಮಾಡುವ ಗೂಡು. ಐದು ವರ್ಷ ಪ್ಯಾಂಟಿನ ಅಂಚು ಮಡಿಚಿ ಹೊಲಿದಳು. ಮನುಷ್ಯರಲ್ಲಿ ಎರಡೂ ಕಾಲು ಸಮ ಇರುವವನು ಅಪರೂಪ ಎಂಬುದು ಅವಳಿಗೆ ಅಲ್ಲಿ ತಿಳಿಯಿತು. ಒಂದು ಅರ್ಧ ಬೆರಳು ಹೆಚ್ಚು, ಇಲ್ಲ ಕಡಿಮೆ. ಆದರೆ ಒಬ್ಬನಾದರೂ ಒಪ್ಪಬೇಕಲ್ಲ! ಸೊಂಟ ಮೂವತ್ತೆರಡು ಎಂದು ಹೇಳಿ ಮೂವತ್ತಾರು ತಂದು ನಿಲ್ಲಿಸಿ, "ನಿಮ್ ಟೇಪು ಹಳೇದಾಗಿರ್ಬೇಕು" ಎನ್ನುತ್ತಿದ್ದರು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದರಿಂದ ಅವಳು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಆ ಗಿರಾಕಿಗಳ ಪುಣ್ಯ.

ಮಾವ ಅಂಗಡಿ ಮುಚ್ಚಿದ ಮೇಲೆ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆದಳು. ಹಾಸಿಗೆ ಬದಲಿಸುವುದು, ರೋಗಿಗಳನ್ನು ಮಗ್ಗುಲು ತಿರುಗಿಸುವುದು. ಹೊದಿಕೆ ಕೊಡವಿದರೆ ಮಾತ್ರೆಗಳು ಉದುರುತ್ತಿದ್ದವು. "ಮಾತ್ರೆ ತಗೊಂಡ್ರಾ ಅಜ್ಜಾ?" ಎಂದರೆ, "ಓಹೋ, ಆಗ್ಲೇ" ಎನ್ನುತ್ತಿದ್ದ ಮುದುಕನ ದಿಂಬಿನ ಅಡಿ ವಾರದ ಮಾತ್ರೆಯೆಲ್ಲ ಇತ್ತು. ಅಲ್ಲಿಗೆ ದಿನಕ್ಕೊಮ್ಮೆ ಫಿಸಿಯೋಥೆರಪಿಸ್ಟ್ ಒಬ್ಬ ಬರುತ್ತಿದ್ದ. ದುಂಡಗಿನ ಮನುಷ್ಯ, ಮೆಟ್ಟಿಲು ಹತ್ತಿ ಬಂದ ದಣಿವಿಗೇ ಎರಡು ನಿಮಿಷ ಕೂರುತ್ತಿದ್ದ. ಎದ್ದವನು ರೋಗಿಯ ಕಾಲನ್ನು ಹತ್ತು ಸಲ ಮೇಲೆತ್ತಿ ಇಳಿಸಿ, ಕಾಗದದಲ್ಲಿ ಸಹಿ ಹಾಕಿ ಹೋಗುತ್ತಿದ್ದ. ಎಷ್ಟೋ ಜನ ಸೇವೆ ಮಾಡಬೇಕು ಎಂದುಕೊಂಡು ಈ ವೃತ್ತಿಗೆ ಬರುತ್ತಾರಂತೆ. ಅವಳು ಬಂದದ್ದು ಆ ದುಂಡಗಿನವನನ್ನು ನೋಡಿ, "ಥೂ, ಇಷ್ಟೇನಾ ವಿದ್ಯೆ?" ಎಂದುಕೊಂಡು.

"ಮೂವತ್ತೊಂದಕ್ಕೆ ಕಾಲೇಜಾ? ಹುಡುಗ್ರು ಆಂಟಿ ಅಂತಾರೆ ಕಣೇ" ಎಂದಳು ಅಕ್ಕ. ತಂಗಿ ಉಳಿದುಕೊಂಡಿದ್ದು ಅಕ್ಕನ ಮನೆಯಲ್ಲೇ.

"ಅನ್ಲಿ ಬಿಡು. ಅವ್ರಿಗೆ ಬೇರೇನ್ ಗೊತ್ತಿರತ್ತೆ."

ಅಂದರು. ಎರಡು ಬೆಂಚು ಹಿಂದೆ ಕೂತು "ಕಂಡಕ್ಟರ್ ಆಂಟಿ, ರೈಟ್!" ಎಂದು ಕೂಗಿದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮೂಳೆ, ಸ್ನಾಯು, ನರ ಎಲ್ಲವನ್ನೂ ಬಟ್ಟೆಯ ಮೇಲಿನ ಹೊಲಿಗೆಯ ಲೆಕ್ಕದಲ್ಲಿ ಕಲಿತಳು. ಯಾವುದು ಎಲ್ಲಿ ಶುರು, ಎಲ್ಲಿ ಗಂಟು, ಯಾವ ಕಡೆ ಎಳೆದರೆ ಎಲ್ಲಿ ಸುಕ್ಕು ಬೀಳುತ್ತದೆ, ಎಲ್ಲವೂ ಬಾಯಿಪಾಠ. ಹೆಣದ ಕೋಣೆಯಲ್ಲಿ ಹದಿನೆಂಟರ ವೀರರು ಒಬ್ಬರ ಮೇಲೊಬ್ಬರು ತಲೆ ತಿರುಗಿ ಬಿದ್ದಾಗ ಅವಳೊಬ್ಬಳೇ ನೆಟ್ಟಗೆ ನಿಂತಿದ್ದಳು. ಮೇಷ್ಟ್ರುಗಳ ಬಗ್ಗೆಯೂ ಅವಳಿಗೆ ಒಳ್ಳೆಯ ಅಭಿಪ್ರಾಯವೇನಿರಲಿಲ್ಲ. ಬೆನ್ನುನೋವಿನ ಪಾಠ ಮಾಡುವಾತ ಸ್ವತಃ ಬೆನ್ನಿಗೆ ಬೆಲ್ಟು ಕಟ್ಟಿಕೊಂಡು ಬರುತ್ತಿದ್ದ. ಪ್ರಾಯೋಗಿಕ ಪರೀಕ್ಷೆ ವಿದ್ಯಾರ್ಥಿಗಳ ಮೇಲೆ ವಿದ್ಯಾರ್ಥಿಗಳೇ ಮಾಡುವುದು. ರೋಗವೇ ಇಲ್ಲದ ಮೈಯ ಮೇಲೆ ಯಾವ ಚಿಕಿತ್ಸೆ ತಾನೇ ಫಲಿಸುವುದಿಲ್ಲ? ವ್ಯಾಯಾಮ ಕಲಿಸುವ ಹಿರಿಯ ಟೀಚರೊಬ್ಬರು ಮಾತ್ರ ಪ್ರತಿ ತರಗತಿಯಲ್ಲೂ ಒಂದೇ ಮಾತು ಹೇಳುತ್ತಿದ್ದರು: ನೀವು ತೋರಿಸಿದ್ದು ಮುಖ್ಯವಲ್ಲ, ರೋಗಿ ತಿರುಗಿ ಮಾಡಿ ತೋರಿಸಬೇಕು, ಪ್ರತಿ ದಿನ. ಇದೇನು ಶಿಶುವಿಹಾರವಾ ಎಂದುಕೊಂಡು ಅವಳು ಆ ಪುಟದಲ್ಲಿ ಏನನ್ನೂ ಬರೆದುಕೊಳ್ಳಲಿಲ್ಲ. ಅದೇ ತರಗತಿಯಲ್ಲಿ ಬೆಲ್ಟಿನ ಮೇಷ್ಟ್ರು ಒಮ್ಮೆ ಬಂದು, "ಮನೇಲಿ ಮಾಡಿದ್ರಾ ಅಂದ್ರೆ ಪೇಷಂಟ್ ಯಾವತ್ತೂ ಹೂಂ ಅಂತಾನೆ, ಅರ್ಧಕ್ಕರ್ಧ ಸುಳ್ಳು" ಎಂದಿದ್ದ. ಅದನ್ನು ಬರೆದುಕೊಂಡು ಕೆಳಗೆ ಗೆರೆ ಎಳೆದಳು.

ನಾಲ್ಕು ವರ್ಷದ ಓದು ಮುಗಿದ ಮೇಲೆ ಒಂದು ವರ್ಷ ಹಿರಿಯರೊಬ್ಬರ ಕೈಕೆಳಗೆ ದುಡಿದು ಅವರ ಸಹಿ ಪಡೆಯಬೇಕು, ಆಗಲೇ ಸ್ವಂತ ಬೋರ್ಡು ಹಾಕಬಹುದು. ಹಾಗೆ ಅವಳಿಗೆ ಸಿಕ್ಕಿದ ಹಿರಿಯರೇ ಸರ್ಟಿಫಿಕೇಟ್ ಸರ್. ಅವರ ಕ್ಲಿನಿಕ್ಕು ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೊಣಕಾಲು ನೋವಿನವರು ಇಪ್ಪತ್ತೆರಡು ಮೆಟ್ಟಿಲು ಹತ್ತಿ ಮೊಣಕಾಲು ತೋರಿಸಲು ಬರಬೇಕು! ಗೋಡೆಯ ತುಂಬ ಚೌಕಟ್ಟು ಹಾಕಿದ ನಲವತ್ಮೂರು ಪ್ರಮಾಣಪತ್ರಗಳು. ಎರಡು ದಿನದ ಶಿಬಿರ, ಅರ್ಧ ದಿನದ ಶಿಬಿರ, ಒಂದಂತೂ ಕುರ್ಚಿ ಮಾರುವ ಕಂಪನಿಯವರು ಊಟ ಹಾಕಿ ಕೊಟ್ಟದ್ದು. ಸರ್ ರೋಗಿಯನ್ನು ಮುಟ್ಟುತ್ತಿದ್ದುದು ಕಡಿಮೆ, ಚೌಕಟ್ಟಿನ ಧೂಳು ಒರೆಸುತ್ತಿದ್ದುದು ಹೆಚ್ಚು. ಬಂದವರಿಗೆಲ್ಲ ಒಂದೇ ಕ್ರಮ: ಬಿಸಿ ಚೀಲ ಹತ್ತು ನಿಮಿಷ, ಕರೆಂಟಿನ ಪೆಟ್ಟಿಗೆ ಹತ್ತು ನಿಮಿಷ, ಕೊನೆಗೆ ಐದು ನಿಮಿಷ ಅವಳ ಕೈ. ಆ ಐದು ನಿಮಿಷದಲ್ಲಿ ಎಳೆಯಬೇಕು, ಅಳೆಯಬೇಕು, ಫೈಲಿನಲ್ಲಿ ಬರೆಯಬೇಕು, "ನೆಕ್ಸ್ಟ್" ಎಂದು ಕೂಗಬೇಕು. ಸರ್ ಅನ್ನು ಅವಳು ಮನಸ್ಸಿನಲ್ಲೇ ದಿನಕ್ಕೆ ಹತ್ತು ಸಲ ಉಗಿಯುತ್ತಿದ್ದಳು. ಆದರೆ ಆ ಐದು ನಿಮಿಷದ ಲೆಕ್ಕ ಅವಳಿಗೂ ಒಗ್ಗಿಹೋಗಿತ್ತು.

ಅವಳ ವರ್ಷ ಮುಗಿಯಲು ಎರಡು ತಿಂಗಳಿದ್ದಾಗ ಬಣ್ಣದವ ಬಂದ. ಕಟ್ಟಡಗಳಿಗೆ ಬಣ್ಣ ಹೊಡೆಯುವವನು, ನಲವತ್ತರ ಆಸುಪಾಸು, ಎಡಗೈಯವ. ಏಣಿಯಿಂದ ಬಿದ್ದು ಎಡತೋಳಿನ ಮೂಳೆ ಭುಜದ ಹತ್ತಿರ ಮುರಿದಿತ್ತು. ಮೂಳೆಯೇನೋ ಕೂಡಿತ್ತು, ಆದರೆ ವಾರಗಟ್ಟಲೆ ಕೊರಳಿಗೆ ತೂಗುಹಾಕಿಕೊಂಡ ತೋಳು ತುಕ್ಕು ಹಿಡಿದ ಚಿಲಕದ ಹಾಗಾಗಿತ್ತು. ಭುಜದ ಮಟ್ಟಕ್ಕೆ ಏಳುತ್ತಿತ್ತು, ಅದಕ್ಕಿಂತ ಮೇಲಕ್ಕೆ ಏನು ಮಾಡಿದರೂ ಇಲ್ಲ. ಚಾವಣಿಗೆ ಬಣ್ಣ ಹೊಡೆಯುವವನಿಗೆ ಭುಜದ ಮಟ್ಟ ಯಾವ ಲೆಕ್ಕಕ್ಕೆ? ಅವನ ಮೇಸ್ತ್ರಿ ಎರಡು ತಿಂಗಳು ಜಾಗ ಹಿಡಿದಿಡುತ್ತೇನೆ ಎಂದಿದ್ದ. ಆಮೇಲೆ ಕ್ಲಿನಿಕ್ಕಿನಿಂದ ಕಾಗದ ತರಬೇಕು: ತೋಳು ಎಷ್ಟು ಸರಿಹೋಗಿದೆ, ಇವನು ಪ್ರಯತ್ನ ಮಾಡಿದ್ದಾನಾ ಇಲ್ಲವಾ. ಕಾಗದ ಚೆನ್ನಾಗಿದ್ದರೆ ಇನ್ನಷ್ಟು ದಿನ ಕಾಯುತ್ತೇನೆ, ಇಲ್ಲದಿದ್ದರೆ ಬೇರೆಯವನು.

ತೋಳು ಮೇಲೇಳಬೇಕಾದರೆ ಮೊದಲು ಅದು ಹೊರಕ್ಕೆ ತಿರುಗಬೇಕು. ಅದಕ್ಕೊಂದು ಕೋಲಿನ ವ್ಯಾಯಾಮವಿದೆ. ಕುರ್ಚಿಯಲ್ಲಿ ಕೂತು, ಎರಡೂ ಮೊಣಕೈ ಪಕ್ಕೆಗೆ ಅಂಟಿಸಿ, ಒಂದು ಕೋಲನ್ನು ಎರಡೂ ಕೈಯಲ್ಲಿ ಅಡ್ಡಲಾಗಿ ಹಿಡಿಯಬೇಕು. ಚೆನ್ನಾಗಿರುವ ಕೈಯಿಂದ ಕೋಲನ್ನು ಕೆಟ್ಟ ಕೈಯ ಕಡೆಗೆ ತಳ್ಳಿದರೆ, ಕೆಟ್ಟ ಕೈ ಬಾಗಿಲು ತೆರೆದಂತೆ ಹೊರಕ್ಕೆ ತೆರೆಯುತ್ತದೆ. ಮೊದಲ ದಿನ ಅವಳು ಅವನೆದುರು ಕುರ್ಚಿ ಎಳೆದು ಕೂತು, ತಾನೊಂದು ಕೋಲು ಹಿಡಿದು, ತನ್ನ ಎಡಕ್ಕೆ ತಳ್ಳಿ ತೋರಿಸಿದಳು. ಆ ಕಡೆ ಕಿಟಕಿಯಿತ್ತು. "ಹೀಗೆ, ಕಿಟಕಿ ಕಡೆ ತಳ್ಳಿ. ದಿನಕ್ಕೆ ಇನ್ನೂರು ಸಲ. ಗೊತ್ತಾಯ್ತಾ?"

"ಗೊತ್ತಾಯ್ತು ಮೇಡಂ."

"ನೆಕ್ಸ್ಟ್!"

ವಾರ ಕಳೆಯಿತು. ಕೋನ ಅಳೆಯುವ ಪ್ಲಾಸ್ಟಿಕ್ ಪಟ್ಟಿಯನ್ನು ಭುಜಕ್ಕಿಟ್ಟು ನೋಡಿದಳು: ತೊಂಬತ್ತೈದು ಡಿಗ್ರಿ. ಇನ್ನೊಂದು ವಾರ: ತೊಂಬತ್ತೈದು. ಮೂರನೇ ವಾರ ತೊಂಬತ್ತಾರು, ಅದೂ ಅವಳು ಎಳೆದ ರಭಸಕ್ಕೆ.

"ಮನೇಲಿ ಮಾಡ್ತಿದೀರಾ?"

"ಮಾಡ್ತಿದೀನಿ ಮೇಡಂ. ಇನ್ನೂರು ಸಲ."

ಇನ್ನೂರಂತೆ! ಆರು ನಿಲ್ದಾಣ ಹಿಂದೆ ಹತ್ತಿ ಈಗ ಹತ್ತಿದೆ ಎಂದವನ ಮುಖವೇ ಇದು, ಅವಳಿಗೆ ಗೊತ್ತಿಲ್ಲವೇ? ನೂರಾ ತೊಂಬತ್ತಾದರೂ ಹೇಳಿದ್ದರೆ ನಂಬಬಹುದಿತ್ತು, ಇವನು ಹೇಳಿದಷ್ಟನ್ನೇ ಗಿಣಿಯಂತೆ ಒಪ್ಪಿಸುತ್ತಾನೆ. ಫೈಲು ತೆಗೆದು, "ರೋಗಿ ಮನೆಯಲ್ಲಿ ವ್ಯಾಯಾಮ ಮಾಡುತ್ತಿಲ್ಲ" ಎಂದು ಬರೆದಳು. ಮುಂದಿನ ವಾರ ಅದರ ಕೆಳಗೆ "ಮೇಲಿನಂತೆ" ಎಂದು ಬರೆದಳು.

ಐದನೇ ವಾರ ಅವನ ಹೆಂಡತಿಯೂ ಜೊತೆಗೆ ಬಂದಿದ್ದಳು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು, ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಗಂಡನ ಅಂಗಿಯ ಗುಂಡಿ ಬಿಚ್ಚಿಕೊಟ್ಟು ಗೋಡೆಗೆ ಒರಗಿ ನಿಂತು, "ಯಾಕೆ ಮೇಡಂ, ಏನೂ ಏರ್ತಾನೇ ಇಲ್ವಲ್ಲ?" ಎಂದು ಕೇಳಿದಳು.

"ನನ್ನ ಕೇಳ್ತೀರಾ? ನಿಮ್ಮ ಯಜಮಾನ್ರನ್ನ ಕೇಳಿ. ಐದು ನಿಮಿಷ ನಾನು ಎಳೆದ್ರೆ ಆಯ್ತಾ? ಮನೇಲಿ ಕೈ ಕಟ್ಕೊಂಡು ಕೂತು, ಇಲ್ಲಿ ಬಂದು ಇನ್ನೂರು ಸಲ ಅಂತ ನನ್ನ ಕಿವಿಗೆ ಹೂವಿಡ್ತಾರೆ. ಇಂಥ ಮೈಗಳ್ಳರನ್ನ ನಾನು ಬಸ್ಸಲ್ಲೇ ಸಾಕಷ್ಟು ನೋಡಿದೀನಿ."

ಕರೆಂಟಿನ ಪೆಟ್ಟಿಗೆಗೆ ಕಾಲು ಕಟ್ಟಿಸಿಕೊಂಡು ಮಲಗಿದ್ದ ಮೂವರು ಕತ್ತೆತ್ತಿ ನೋಡಿದರು. ಹೆಂಡತಿ ಗಂಡನ ಮುಖವನ್ನು ಒಂದು ಗಳಿಗೆ ನೋಡಿ, ಅವನ ಗುಂಡಿ ಹಾಕಿಕೊಡದೆ ಮೆಟ್ಟಿಲಿಳಿದು ಹೋದಳು. ಒಂದೇ ಕೈಯಲ್ಲಿ ಗುಂಡಿ ಹಾಕಿಕೊಳ್ಳಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಕಂಡಕ್ಟರ್ ಮೇಡಂ ಆಗಲೇ ಮುಂದಿನ ಮೊಣಕಾಲಿಗೆ ಹೋಗಿದ್ದಳು. ಒಬ್ಬ ಸುಳ್ಳನ ಮುಖಕ್ಕೆ ಹೊಡೆದಂತೆ ಹೇಳಿದೆ ಎಂಬ ಸಮಾಧಾನದಲ್ಲಿ ಅವಳಿಗೆ ಅಂದು ಊಟವೂ ರುಚಿಸಿತು.

ಏಳನೇ ವಾರದ ಒಂದು ಬೆಳಿಗ್ಗೆ ಸರ್ ನಲವತ್ನಾಲ್ಕನೇ ಚೌಕಟ್ಟು ತರಲು ಶಿಬಿರಕ್ಕೆ ಹೋಗಿದ್ದರು. ಎಂಟು ಹಾಸಿಗೆಗೂ ಅವಳೊಬ್ಬಳೇ. ಬಣ್ಣದವ ತನ್ನ ಸರದಿಗೆ ಕಾಯುತ್ತಿದ್ದವನು ಮೂಲೆಯಲ್ಲಿದ್ದ ಕೋಲು ತೆಗೆದುಕೊಂಡು, ಬೆಂಚಿನ ಮೇಲೆ ಗೋಡೆಗೆ ಮುಖ ಮಾಡಿ ಕೂತ. ಅವಳು ಬಿಸಿ ಚೀಲವನ್ನು ಇಕ್ಕಳದಲ್ಲಿ ಹಿಡಿದು ಅವನ ಹಿಂದಿನಿಂದ ಹಾದುಹೋಗುತ್ತಿದ್ದಳು. ಅಷ್ಟು ವಾರದಲ್ಲಿ ಅವನನ್ನು ಹಿಂದಿನಿಂದ ನೋಡಿದ್ದು ಅದೇ ಮೊದಲು. ಅವನ ಎಡವೇ ಅವಳ ಎಡ, ಅವನ ಬಲವೇ ಅವಳ ಬಲ. ಕೋಲು ಬಲಕ್ಕೆ ಹೋಗುತ್ತಿತ್ತು. ಎಡಗೈ ಹೊಟ್ಟೆಯ ಮೇಲಕ್ಕೆ ಬಂದು ಮಡಚಿಕೊಳ್ಳುತ್ತಿತ್ತು. ಮತ್ತೆ ಬಲಕ್ಕೆ. ಮತ್ತೆ. ತೆರೆಯಬೇಕಾದ ಬಾಗಿಲನ್ನು ಅವನು ಒಂದೊಂದು ಸಲವೂ ಒತ್ತಿ ಒತ್ತಿ ಮುಚ್ಚುತ್ತಿದ್ದ.

"ಅದೇನ್ ಮಾಡ್ತಿದೀರಾ?"

"ನೀವು ಹೇಳ್ಕೊಟ್ಟಿದ್ದೇ ಮೇಡಂ."

"ನಾನಾ? ಆ ಕಡೆ ತಳ್ಳಿ ಅಂತ ನಾನ್ ಯಾವಾಗ ಹೇಳ್ದೆ?"

"ಕಿಟಕಿ ಕಡೆ ತಳ್ಳಿ ಅಂದ್ರಲ್ಲ. ಕಿಟಕಿ ನನ್ನ ಬಲಕ್ಕಿತ್ತು. ಮನೇಲಿ ಆ ಕಡೆ ಕಿಟಕಿ ಇಲ್ಲ, ಬೀರು ಇದೆ. ಬೀರು ಕಡೆ ತಳ್ತಿದ್ದೆ." ಅವನು ಕೋಲು ನಿಲ್ಲಿಸಿ ತಿರುಗಿ ನೋಡಿದ. "ನೋವೇ ಆಗ್ತಿರ್ಲಿಲ್ಲ. ಅದಕ್ಕೇ ಸರಿಹೋಗ್ತಿದೆ ಅಂದ್ಕೊಂಡೆ."

ಕೋಲು ಹಿಡಿದ ಅವನ ಬಲ ಅಂಗೈ ಅವಳ ಕಣ್ಣಿಗೆ ಬಿತ್ತು. ಹೆಬ್ಬೆರಳಿನ ಬುಡದಲ್ಲಿ, ಕೋಲು ಒತ್ತುವ ಜಾಗದಲ್ಲಿ, ಚರ್ಮ ದಪ್ಪಗಟ್ಟಿ ಹಳದಿಯಾಗಿತ್ತು. ಬಣ್ಣದ ಬ್ರಷ್ಷು ಹಿಡಿಯುವ ಕೈಯಲ್ಲ ಅದು, ಅವನು ಎಡಗೈಯವ. ಸುಳ್ಳನ ಕೈಯೂ ಅಲ್ಲ. ಏಳು ವಾರ ಪಕ್ಕದಲ್ಲೇ ಇದ್ದ ಆ ಕೈಯನ್ನು ಅವಳು ಒಂದು ಸಲವೂ ತಿರುಗಿಸಿ ನೋಡಿರಲಿಲ್ಲ. ಗೇಟಿನಲ್ಲಿ ನಿಂತ ಅಪ್ಪ ಕೊನೇಪಕ್ಷ ಚೀಲ ಬಿಚ್ಚಿ ನೋಡುತ್ತಿದ್ದ. ಇವಳು ನೋಡದೆಯೇ ಕಳ್ಳ ಎಂದಿದ್ದಳು.

ಇಲ್ಲಿ ಅವಳು ಒಂದು ಹೇಡಿತನ ಮಾಡಿದಳು, ಅದನ್ನೂ ಹೇಳಿಬಿಡಬೇಕು. "ಇವತ್ತಿಂದ ಈ ಕಡೆ ತಳ್ಳಿ, ಬೇರೆ ವ್ಯಾಯಾಮ ಇದು" ಎಂದು ಸಲೀಸಾಗಿ ಹೇಳಿ, ಅವನ ಪಕ್ಕದಲ್ಲಿ ಕೂತು, ಎಡಕ್ಕೆ ತಳ್ಳಿಸಿದಳು. ನೋವಿಗೆ ಅವನು ಮುಖ ಕಿವುಚಿದ. ಬೇರೆ ವ್ಯಾಯಾಮವಂತೆ! ಟಿಕೆಟ್ ಇಲ್ಲದೆ ಗೊರಕೆ ಹೊಡೆದ ದೊಡ್ಡ ಮನುಷ್ಯನಿಗೂ ಇವಳಿಗೂ ಏನು ವ್ಯತ್ಯಾಸ? ಆರು ದಿನದಲ್ಲಿ ತೊಂಬತ್ತಾರು ಇದ್ದದ್ದು ನೂರಾ ಎಂಟಾಯಿತು. ಡಿಗ್ರಿ ಏರಿದಷ್ಟೂ ಅವಳಿಗೆ ಅನ್ನ ಇಳಿಯಲಿಲ್ಲ.

ಅಷ್ಟರಲ್ಲಿ ಮೇಸ್ತ್ರಿಯ ಗಡುವು ಬಂತು. ಸರ್ ಹೊಸ ಚೌಕಟ್ಟಿಗೆ ಮೊಳೆ ಹೊಡೆಯುತ್ತಿದ್ದಾಗ ಅವಳು ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಸರ್ ಮೊಳೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ನಕ್ಕರು.

"ಅಯ್ಯೋ, ಅದಕ್ಯಾಕ್ ಇಷ್ಟು ತಲೆ ಕೆಡಿಸ್ಕೋತೀರಾ? ಫೈಲಲ್ಲಿ ಆಗ್ಲೇ ಇದೆಯಲ್ಲ, ಪೇಷಂಟ್ ಮನೇಲಿ ಮಾಡ್ತಿಲ್ಲ ಅಂತ. ನೀವೇ ಬರ್ದಿದ್ದು, ನಿಮ್ದೇ ಅಕ್ಷರ. ಅದನ್ನೇ ಕಾಗದಕ್ಕೆ ಇಳಿಸಿ."

"ಅವ್ರು ಮಾಡಿದಾರೆ ಸರ್. ನಾನು ತೋರ್ಸಿದ್ದೇ ತಪ್ಪು."

"ತೋರ್ಸಿದ್ದು ತಪ್ಪು ಅಂತ ನನ್ನ ಕ್ಲಿನಿಕ್ಕಿನ ಹಾಳೇಲಿ ಬರೀತೀರಾ?" ಸರ್ ಮೊಳೆಯನ್ನು ಬಾಯಿಂದ ತೆಗೆದರು. "ನಿಮ್ಮ ವರ್ಷ ಮುಗಿಯೋಕೆ ಇನ್ನು ಎಷ್ಟು ದಿನ? ಮೂರಾ, ನಾಕಾ? ಸಹಿ ಯಾರು ಹಾಕ್ಬೇಕು? ಯೋಚ್ನೆ ಮಾಡಿ ಬರೀರಿ. ಅವ್ನೇನು, ಬಣ್ಣ ಬಳಿಯೋನು. ಬೇರೆ ಕಡೆ ಕೆಲಸ ಸಿಗತ್ತೆ."

ಅವ್ನೇನು, ಬಣ್ಣ ಬಳಿಯೋನು. ಆ ದನಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳದೇ ದನಿ ಅದು. ಮೂರು ಕೆಲಸ, ಒಂದು ಕಾಲೇಜು ದಾಟಿ ಇವಳು ಸಂಪಾದಿಸಿದ್ದು ಈ ನಲವತ್ನಾಲ್ಕು ಚೌಕಟ್ಟಿನವನ ದನಿಯನ್ನಾ? ಸರ್ ಮೇಲೆ ಅವಳಿಗಿದ್ದ ತಾತ್ಸಾರವೆಲ್ಲ ಒಮ್ಮೆಗೇ ತಿರುಗಿ ಅವಳ ಮೇಲೇ ಬಿತ್ತು.

ಮೇಜಿನ ಮುಂದೆ ಕೂತು ಕಾಗದ ಬರೆದಳು. "ಇವರು ಏಳು ವಾರ ದಿನಕ್ಕೆ ಇನ್ನೂರು ಸಲದಂತೆ ವ್ಯಾಯಾಮ ಮಾಡಿದ್ದಾರೆ. ವ್ಯಾಯಾಮವನ್ನು ನಾನು ತಪ್ಪಾಗಿ ಕಲಿಸಿದ್ದೆ, ಒಂದು ಸಲವೂ ಮಾಡಿಸಿ ನೋಡಲಿಲ್ಲ. ತಪ್ಪು ಪೂರ್ತಿ ನನ್ನದು. ಸರಿಯಾಗಿ ಕಲಿಸಿದ ಮೇಲೆ ತೋಳು ಏರುತ್ತಿದೆ. ಇನ್ನು ಎರಡು ತಿಂಗಳು ಕೊಟ್ಟರೆ ಚಾವಣಿ ಮುಟ್ಟುತ್ತಾರೆ." ಕೆಳಗೆ ತನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು. ಫೈಲಿನಲ್ಲಿದ್ದ ಹಳೆಯ ಸಾಲುಗಳನ್ನು ಹೊಡೆದುಹಾಕಿ ಪಕ್ಕದಲ್ಲಿ "ಸುಳ್ಳು" ಎಂದು ಬರೆದಳು. ಸರ್ ಅದನ್ನು ಓದಿ, ನಾಳೆಯಿಂದ ಬರಬೇಡಿ ಎಂದರು. ಸಹಿಯ ಮಾತೇ ಬರಲಿಲ್ಲ. ಇನ್ನೊಂದು ಕಡೆ ಇನ್ನೊಂದು ವರ್ಷ ಮೊದಲಿನಿಂದ ಶುರುಮಾಡಬೇಕು, ಮೂವತ್ತಾರಕ್ಕೆ. ಸರ್ ಹೇಳಿದ್ದರಲ್ಲಿ ಅವಳಿಗೆ ಒಪ್ಪಿಗೆಯಾದ ಮಾತು ಆ "ಬರಬೇಡಿ" ಒಂದೇ.

ಬಣ್ಣದವ ಮಧ್ಯಾಹ್ನ ಬಂದ. ಅವಳು ಅವನನ್ನು ಕೂರಿಸಿ, ಕಾಗದ ಕೊಡುವ ಮೊದಲೇ ಬಾಯಲ್ಲಿ ಎಲ್ಲ ಹೇಳಿದಳು. ಕಿಟಕಿ, ಎಡ, ಬಲ, ಬೇರೆ ವ್ಯಾಯಾಮ ಎಂದು ಹೇಳಿದ ಸುಳ್ಳು, ಎಲ್ಲ. ಅವನು ಬೈಯುತ್ತಾನೆ ಎಂದು ಕಾದಳು. ಬೈದಿದ್ದರೆ ಚೆನ್ನಾಗಿತ್ತು. ಅವನು ಕಾಗದವನ್ನು ಬಲಗೈಯಲ್ಲಿ ಹಿಡಿದು ಒಂದೊಂದೇ ಸಾಲು ಓದಿದ. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದ.

"ಮೇಸ್ತ್ರಿ ಒಪ್ತಾರೆ, ಇದನ್ ನೋಡಿದ್ರೆ" ಎಂದ. ಕಾಗದವನ್ನು ಮಡಿಚಿ ಜೇಬಿಗಿಟ್ಟುಕೊಂಡು, "ಇನ್ನೊಂದು ಬರ್ದುಕೊಡ್ತೀರಾ?" ಎಂದು ಕೇಳಿದ.

"ಮೇಸ್ತ್ರಿಗೆ ಒಂದೇ ಸಾಕಲ್ಲ?"

"ಮನೆಗೆ." ಅವನು ಅವಳ ಮುಖ ನೋಡಲಿಲ್ಲ. "ಅವತ್ತಿಂದ ನಾನು ಕೋಲು ತಗೊಂಡ್ರೆ ಅವ್ಳು ಎದ್ದು ಆಚೆ ಹೋಗ್ತಾಳೆ. ಮೇಡಮ್ಮೇ ಹೇಳಿದ್ಮೇಲೆ ನಿಂದೇನ್ ನಾಟಕ ಅಂತಾಳೆ. ಮಗ್ಳ ಮುಂದೆನೂ ಅಂದ್ಲು. ನೀವು ಓದ್ದೋರು ಮೇಡಂ, ನಿಮ್ ಮಾತೇ ನಂಬ್ತಾಳೆ."

ಅವಳು ಹೊಸ ಹಾಳೆ ಎಳೆದುಕೊಂಡಳು. ಪೆನ್ನು ಹಿಡಿದಳು, ಆದರೆ ಎಲ್ಲಿಂದ ಶುರುಮಾಡುವುದೋ ಗೊತ್ತಾಗಲಿಲ್ಲ. "ಏನಂತ ಬರೀಲಿ? ಭುಜದ ವಿಷ್ಯ, ಡಿಗ್ರಿ, ಅದೆಲ್ಲ ಬೇಕಾ?"

"ಅದೆಲ್ಲ ಬೇಡ ಮೇಡಂ" ಎಂದ ಬಣ್ಣದವ. "ಇವ್ನು ದಿನಾ ಮಾಡ್ತಿದ್ದ ಅಂತ ಬರೀರಿ. ಅಷ್ಟು ಸಾಕು."